ಹೆಸರು ಬಾಡಿಗೆಗಿದೆ: ಗೂಗಲ್, ಸುದ್ದಿತಾಣಗಳು ಮತ್ತು ಕೊಂಡಿಗಳ ವ್ಯಾಪಾರ

2025ರ ನವೆಂಬರ್ 13ರಂದು ಐರೋಪ್ಯ ಒಕ್ಕೂಟದ ಆಡಳಿತಾಂಗವಾದ ಐರೋಪ್ಯ ಆಯೋಗವು ಗೂಗಲ್ ಮೇಲೆ ಮತ್ತೊಂದು ತನಿಖೆ ಆರಂಭಿಸಿತು. ಯುರೋಪಿನಲ್ಲಿ ಗೂಗಲ್ ವಿರುದ್ಧ ತನಿಖೆ ನಡೆಯುವುದು ಹೊಸ ಸಂಗತಿಯೇನಲ್ಲ. ಆದರೆ ಈ ಬಾರಿಯ ವಿಷಯ ಮೇಲ್ನೋಟಕ್ಕೆ ವಿಚಿತ್ರವಾಗಿ ಕಾಣುತ್ತದೆ. ಹುಡುಕಾಟದ ಫಲಿತಾಂಶಗಳಿಂದ ಕಳಪೆ ಪುಟಗಳನ್ನು ದೂರವಿಡಲು ಗೂಗಲ್ ರೂಪಿಸಿದ ನಿಯಮವೇ ಇಲ್ಲಿ ಕಟಕಟೆಯಲ್ಲಿದೆ. ಆ ನಿಯಮದಿಂದ ನಮಗೆ ಅನ್ಯಾಯವಾಗಿದೆ ಎನ್ನುತ್ತಿರುವವರು ಪತ್ರಿಕೆ ಮತ್ತು ಸುದ್ದಿತಾಣಗಳ ಮಾಲೀಕರು. ಕಸ ಗುಡಿಸಿದವರನ್ನು ಏಕೆ ಗುಡಿಸಿದಿರಿ ಎಂದು ಸರ್ಕಾರ ಕೇಳುತ್ತಿದೆಯೇ, ಅಥವಾ ಕಸವೆಂಬ ನೆಪದಲ್ಲಿ ಬೇರೆಯವರ ಸರಕನ್ನೂ ಬೀದಿಗೆ ಎಸೆಯಲಾಯಿತೇ ಎಂಬುದು ಸುದ್ದಿಯ ಒಂದೆರಡು ಸಾಲುಗಳಿಂದ ತಿಳಿಯುವುದಿಲ್ಲ.

ಈ ಜಗಳದ ಬೇರು ಅಂತರ್ಜಾಲದ ಅತ್ಯಂತ ಸರಳ ವಸ್ತುವೊಂದರಲ್ಲಿದೆ. ಅದು ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಕರೆದೊಯ್ಯುವ ಕೊಂಡಿ, ಅಂದರೆ ಲಿಂಕ್.

ಕೊಂಡಿ ಸಾಕ್ಷಿಯಾದ ಬಗೆ

ಗೂಗಲ್ ಬರುವ ಮುಂಚಿನ ಹುಡುಕುತಾಣಗಳು ಮುಖ್ಯವಾಗಿ ಪುಟದೊಳಗಿನ ಪದಗಳನ್ನು ನಂಬಿಕೊಂಡಿದ್ದವು. ಒಂದು ಪುಟದಲ್ಲಿ ಯಾವ ಪದ ಎಷ್ಟು ಸಲ, ಎಲ್ಲೆಲ್ಲಿ ಬಂದಿದೆ ಎಂದು ನೋಡಿ ಆ ಪುಟದ ಸ್ಥಾನವನ್ನು ನಿರ್ಧರಿಸುತ್ತಿದ್ದವು. ಪುಟದಲ್ಲಿ ಏನು ಬರೆಯಬೇಕೆಂಬುದು ಅದರ ಮಾಲೀಕನ ಕೈಯಲ್ಲೇ ಇದ್ದುದರಿಂದ ಮೋಸ ಸುಲಭವಾಗಿತ್ತು. ಬಿಳಿಯ ಹಿನ್ನೆಲೆಯ ಮೇಲೆ ಬಿಳಿಯ ಅಕ್ಷರಗಳಲ್ಲಿ ಒಂದೇ ಪದವನ್ನು ನೂರಾರು ಸಲ ಬರೆದಿಟ್ಟರೆ ಓದುಗನಿಗೆ ಏನೂ ಕಾಣುತ್ತಿರಲಿಲ್ಲ, ಯಂತ್ರಕ್ಕೆ ಮಾತ್ರ ಎಲ್ಲವೂ ಕಾಣುತ್ತಿತ್ತು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸಂಶೋಧಕರಾಗಿದ್ದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ 1998ರಲ್ಲಿ ಪ್ರಕಟಿಸಿದ ಪ್ರಬಂಧ ಈ ಲೆಕ್ಕವನ್ನು ತಿರುಗಿಸಿತು. ಪುಟವು ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದಕ್ಕಿಂತ ಬೇರೆ ಪುಟಗಳು ಅದನ್ನು ಎಷ್ಟು ಬೊಟ್ಟು ಮಾಡಿ ತೋರಿಸುತ್ತಿವೆ ಎಂಬುದಕ್ಕೆ ಅವರು ಹೆಚ್ಚಿನ ತೂಕ ಕೊಟ್ಟರು. ಈ ಆಲೋಚನೆ ಪೂರ್ತಿ ಹೊಸದಾಗಿರಲಿಲ್ಲ. ಯಾವ ವಿಜ್ಞಾನ ಪ್ರಬಂಧವನ್ನು ಎಷ್ಟು ಮಂದಿ ಉಲ್ಲೇಖಿಸಿದ್ದಾರೆ ಎಂದು ಎಣಿಸುವ ಪದ್ಧತಿಯನ್ನು ಯೂಜೀನ್ ಗಾರ್ಫೀಲ್ಡ್ 1960ರ ದಶಕದಲ್ಲೇ ನೆಲೆಗೊಳಿಸಿದ್ದರು. ಪೇಜ್ ಮತ್ತು ಬ್ರಿನ್ ಅದಕ್ಕೆ ಒಂದು ಮುಖ್ಯ ತಿದ್ದುಪಡಿ ತಂದರು: ಎಲ್ಲ ಉಲ್ಲೇಖಗಳೂ ಸಮವಲ್ಲ, ತೂಕವಿರುವವರು ಹೇಳಿದ ಮಾತಿಗೆ ಹೆಚ್ಚು ತೂಕ.

ಪೇಜ್‌ರ್‍ಯಾಂಕ್ ಎಂದು ಹೆಸರಾದ ಈ ಲೆಕ್ಕವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು, ಏಕೆಂದರೆ ಮುಂದಿನ ಎಲ್ಲ ವ್ಯಾಪಾರವೂ ಇದರಿಂದಲೇ ಹುಟ್ಟಿತು. ಒಬ್ಬ ಓದುಗ ಗೊತ್ತುಗುರಿಯಿಲ್ಲದೆ ಕೊಂಡಿಯಿಂದ ಕೊಂಡಿಗೆ ಅಲೆಯುತ್ತಿದ್ದಾನೆ ಎಂದು ಕಲ್ಪಿಸಿಕೊಳ್ಳಿ. ಪ್ರತಿ ಹೆಜ್ಜೆಯಲ್ಲೂ ನೂರರಲ್ಲಿ ಸುಮಾರು 85 ಪಾಲು ಆತ ಕಣ್ಣಮುಂದಿನ ಪುಟದ ಯಾವುದಾದರೊಂದು ಕೊಂಡಿಯನ್ನು ಒತ್ತುತ್ತಾನೆ. ಉಳಿದ ಪಾಲು ಬೇಸರ ಬಂದು ಬೇರೆಲ್ಲಿಗೋ ಜಿಗಿಯುತ್ತಾನೆ. ಇಂಥ ಅಲೆದಾಟದಲ್ಲಿ ಯಾವ ಪುಟಕ್ಕೆ ಆತ ಮತ್ತೆ ಮತ್ತೆ ಬಂದು ಮುಟ್ಟುತ್ತಾನೋ ಅದರ ಮೌಲ್ಯ ಹೆಚ್ಚು. ಒಂದು ಪುಟದಲ್ಲಿ ಮೂರು ಕೊಂಡಿಗಳಿದ್ದರೆ ಅದರ ತೂಕ ಮೂರು ಪಾಲಾಗಿ ಹರಿಯುತ್ತದೆ. ಮೂವತ್ತಿದ್ದರೆ ಮೂವತ್ತು ಪಾಲು. ಹಾಗಾಗಿ ಯಾರೂ ನೋಡದ ನೂರು ಪುಟಗಳ ಕೊಂಡಿಗಿಂತ ದೊಡ್ಡ ಪತ್ರಿಕೆಯ ತಾಣದಿಂದ ಬಂದ ಒಂದೇ ಕೊಂಡಿ ಹೆಚ್ಚು ಬಾಳುತ್ತದೆ.

ಈ ಇಡೀ ವ್ಯವಸ್ಥೆ ಬಾಯಿಬಿಟ್ಟು ಹೇಳದ ಒಂದು ನಂಬಿಕೆಯ ಮೇಲೆ ನಿಂತಿತ್ತು. ಕೊಂಡಿ ಕೊಡುವವನು ತನಗೆ ಒಳ್ಳೆಯದೆನಿಸಿದ್ದಕ್ಕೆ ಕೊಡುತ್ತಾನೆ, ಯಾರೂ ಅದಕ್ಕಾಗಿ ಅವನಿಗೆ ಹಣ ಕೊಟ್ಟಿಲ್ಲ ಎಂಬುದು ಆ ನಂಬಿಕೆ. ಗೂಗಲ್ ಆ ಸಾಕ್ಷಿಯನ್ನು ಎಣಿಸತೊಡಗಿದ ದಿನದಿಂದಲೇ ಸಾಕ್ಷಿ ಹೇಳುವವರಿಗೆ ಬೆಲೆ ಬಂತು.

ಬೆಲೆ ಬಂದ ಮೇಲೆ

ಮೊದಮೊದಲು ಈ ವ್ಯಾಪಾರ ಒರಟಾಗಿತ್ತು. ಒಂದಕ್ಕೊಂದು ಕೊಂಡಿ ಕೊಟ್ಟುಕೊಳ್ಳುವ ಸಾವಿರಾರು ಪೊಳ್ಳು ತಾಣಗಳು ಹುಟ್ಟಿಕೊಂಡವು; ಬ್ಲಾಗುಗಳ ಪ್ರತಿಕ್ರಿಯೆಗಳಲ್ಲಿ ಔಷಧಿ, ಜೂಜು, ಸಾಲದ ಕೊಂಡಿಗಳು ತುಂಬಿದವು. ಇದನ್ನು ತಡೆಯಲು 2005ರ ಜನವರಿಯಲ್ಲಿ ಗೂಗಲ್, ಯಾಹೂ ಮತ್ತು ಮೈಕ್ರೋಸಾಫ್ಟ್ ಸೇರಿ ‘ನೋಫಾಲೋ’ ಎಂಬ ಗುರುತನ್ನು ತಂದವು. ಅದನ್ನು ಹಚ್ಚಿದ ಕೊಂಡಿಯನ್ನು ಓದುಗ ಒತ್ತಬಹುದು, ಯಂತ್ರ ಮಾತ್ರ ಅದನ್ನು ಶಿಫಾರಸೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಣ ಪಡೆದು ಹಾಕಿದ ಕೊಂಡಿಗಳಿಗೂ ಇಂಥ ಗುರುತು ಇರಬೇಕೆಂಬುದು ಗೂಗಲ್ಲಿನ ನಿಯಮವಾಯಿತು. 2019ರಲ್ಲಿ ಅವುಗಳಿಗಾಗಿ ‘ಸ್ಪಾನ್ಸರ್ಡ್’ ಎಂಬ ಪ್ರತ್ಯೇಕ ಗುರುತೇ ಬಂತು. ಆದರೆ ಕೊಳ್ಳುವವನು ಹಣ ಕೊಡುತ್ತಿದ್ದುದೇ ಗುರುತಿಲ್ಲದ ಕೊಂಡಿಗೆ. ಇಂದಿಗೂ ಈ ಸಂತೆಯಲ್ಲಿ ‘ಡು-ಫಾಲೋ’ ಎಂದರೆ ಅಸಲಿ ಸರಕು.

ಅಮೆರಿಕದ ಜೆ.ಸಿ. ಪೆನಿ ಎಂಬ ಚಿಲ್ಲರೆ ಮಾರಾಟ ಕಂಪನಿಯ ಪ್ರಕರಣ ಈ ಸಂತೆಯ ಗಾತ್ರವನ್ನು ಬೀದಿಗೆ ತಂದಿತು. ಉಡುಪು, ಹಾಸಿಗೆ ಬಟ್ಟೆ, ನೆಲಹಾಸು ಎಂದು ಏನನ್ನು ಹುಡುಕಿದರೂ ಈ ಕಂಪನಿಯೇ ತಿಂಗಳುಗಟ್ಟಲೆ ಮೊದಲು ಬರುತ್ತಿದ್ದುದನ್ನು ನ್ಯೂಯಾರ್ಕ್ ಟೈಮ್ಸ್ 2011ರ ಫೆಬ್ರುವರಿಯಲ್ಲಿ ತನಿಖೆ ಮಾಡಿ, ಸಂಬಂಧವೇ ಇಲ್ಲದ ಸಾವಿರಾರು ಪುಟಗಳಲ್ಲಿ ಅದರ ಕೊಂಡಿಗಳನ್ನು ನೆಡಲಾಗಿತ್ತೆಂದು ತೋರಿಸಿತು. ಪತ್ರಿಕೆ ಗಮನಿಸಿದ 59 ಹುಡುಕುಪದಗಳಲ್ಲಿ ಕಂಪನಿಯ ಸರಾಸರಿ ಸ್ಥಾನ ಫೆಬ್ರುವರಿ 1ರಂದು 1.3 ಇತ್ತು, ಗೂಗಲ್ ಕ್ರಮ ಕೈಗೊಂಡ ಮೇಲೆ, ಫೆಬ್ರುವರಿ 10ರ ಹೊತ್ತಿಗೆ, ಅದು 52ಕ್ಕೆ ಇಳಿದಿತ್ತು. ಕೊಂಡಿಗಳ ಬಗ್ಗೆ ತಮಗೆ ತಿಳಿದಿರಲಿಲ್ಲ ಎಂದ ಕಂಪನಿಯು, ಹುಡುಕಾಟದಲ್ಲಿ ತನ್ನ ತಾಣವನ್ನು ಮೇಲೇರಿಸಲು ನೇಮಿಸಿಕೊಂಡಿದ್ದ ಎಸ್‌ಇಒ ಸಂಸ್ಥೆಯನ್ನು ಕೈಬಿಟ್ಟಿತು. ಮರುವರ್ಷ ಗೂಗಲ್ಲಿಗೆ ತನ್ನದೇ ಕೋಲಿನ ಪೆಟ್ಟು ಬಿತ್ತು: ಕ್ರೋಮ್ ಬ್ರೌಸರ್‌ನ ಪ್ರಚಾರಕ್ಕಾಗಿ ಬರೆಸಿದ ಪ್ರಾಯೋಜಿತ ಬರಹದಲ್ಲಿ ಗುರುತಿಲ್ಲದ ಕೊಂಡಿ ಸಿಕ್ಕಿದ್ದರಿಂದ ಕ್ರೋಮ್‌ನ ಪುಟವನ್ನು ತಾನೇ ಕೆಳಗಿಳಿಸಬೇಕಾಯಿತು.

ಇಂದಿನ ವಿವಾದಕ್ಕೆ ಹೆಚ್ಚು ಹತ್ತಿರದ್ದು 2013ರ ಬ್ರಿಟನ್ನಿನ ಘಟನೆ. ಹೂವಿನ ವ್ಯಾಪಾರದ ಇಂಟರ್‌ಫ್ಲೋರಾ ಸಂಸ್ಥೆಯು ಅಲ್ಲಿನ ಪ್ರಾದೇಶಿಕ ಪತ್ರಿಕೆಗಳ ತಾಣಗಳಲ್ಲಿ ಜಾಹೀರಾತು ಲೇಖನಗಳನ್ನು ಹಾಕಿಸಿ, ಅವುಗಳೊಳಗೆ ತನ್ನ ಪುಟಕ್ಕೆ ಕೊಂಡಿ ಕೊಡಿಸಿತ್ತು. ಫೆಬ್ರುವರಿಯಲ್ಲಿ, ತಾಯಂದಿರ ದಿನದ ಮಾರಾಟ ಹತ್ತಿರವಿದ್ದಾಗಲೇ, ಗೂಗಲ್ ಆ ಸಂಸ್ಥೆಯನ್ನು ಫಲಿತಾಂಶಗಳಿಂದ ಮಾಯಮಾಡಿತು. ಕೊಂಡವರಿಗಷ್ಟೇ ಅಲ್ಲ, ಮಾರಿದ ಪತ್ರಿಕೆಗಳಿಗೂ ಪೇಜ್‌ರ್‍ಯಾಂಕ್ ಕಡಿತದ ದಂಡ ಬಿತ್ತು. ಓದುಗರ ವಿಶ್ವಾಸವನ್ನು ಬಂಡವಾಳವಾಗಿಸಿಕೊಂಡಿದ್ದ ಪತ್ರಿಕೆಗಳು, ಮುದ್ರಣದ ಆದಾಯ ಇಳಿಯುತ್ತಿದ್ದ ಹೊತ್ತಿನಲ್ಲಿ, ಆ ವಿಶ್ವಾಸದ ಇನ್ನೊಂದು ರೂಪವನ್ನು ಬಿಡಿಬಿಡಿಯಾಗಿ ಮಾರತೊಡಗಿದ್ದವು.

ಚಾಪೆಯ ಕೆಳಗಿಂದ ರಂಗೋಲಿಯ ಕೆಳಕ್ಕೆ

2012ರ ಏಪ್ರಿಲ್ 24ರಂದು ಬಂದ ‘ಪೆಂಗ್ವಿನ್’ ಎಂಬ ಬದಲಾವಣೆಯೊಂದಿಗೆ ಕೃತಕ ಕೊಂಡಿಗಳನ್ನು ಯಂತ್ರವೇ ಗುರುತಿಸಿ ತಾಣಗಳನ್ನು ಕೆಳಗಿಳಿಸತೊಡಗಿತು. 2016ರ ಸೆಪ್ಟೆಂಬರ್‌ನಿಂದ ಅದರ ವರ್ತನೆ ಬದಲಾಯಿತು: ಅನುಮಾನಾಸ್ಪದ ಕೊಂಡಿಯಿಂದಾಗಿ ಇಡೀ ತಾಣವನ್ನು ಶಿಕ್ಷಿಸುವ ಬದಲು ಆ ಕೊಂಡಿಯನ್ನು ಸುಮ್ಮನೆ ಸೊನ್ನೆಯೆಂದು ಎಣಿಸುವುದು ಸಾಮಾನ್ಯ ಕ್ರಮವಾಯಿತು. ಇದರ ಪರಿಣಾಮ ಸೂಕ್ಷ್ಮವಾದದ್ದು. ಕೊಂಡಿ ಕೊಂಡವನಿಗೆ ಶಿಕ್ಷೆಯೂ ಇಲ್ಲ, ಲಾಭವೂ ಇಲ್ಲ. ತನ್ನ ಹಣ ನೀರಿಗೆ ಹೋಯಿತೆಂದು ತಿಳಿಯುವ ದಾರಿಯೂ ಇಲ್ಲ. 2024ರ ಮಾರ್ಚ್‌ನಲ್ಲಿ ಗೂಗಲ್ ತನ್ನ ಮಾರ್ಗದರ್ಶಿಯಲ್ಲಿ ಕೊಂಡಿಗಳನ್ನು ‘ಮುಖ್ಯ ಅಂಶ’ ಎಂದು ಕರೆದಿದ್ದ ಕಡೆ ‘ಮುಖ್ಯ’ ಎಂಬ ವಿಶೇಷಣವನ್ನೇ ತೆಗೆದುಹಾಕಿತು.

ಚಾಪೆಯ ಕೆಳಗೆ ತೂರುವವನು ಇದ್ದರೆ ರಂಗೋಲಿಯ ಕೆಳಗೆ ತೂರುವವನೂ ಇರುತ್ತಾನೆ. ದೊಡ್ಡ ತಾಣದಿಂದ ತನ್ನ ತಾಣಕ್ಕೆ ತೂಕ ಹರಿಸಿಕೊಳ್ಳುವ ಕಾಲುವೆಯ ಮೇಲೆ ಕಾವಲು ಕೂತರೆ, ಕೆರೆಯ ಅಂಗಳದಲ್ಲೇ ಮನೆ ಕಟ್ಟಿದರಾಯಿತು. ಹೊರಗಿನ ಕಂಪನಿಯೊಂದು ಪ್ರಸಿದ್ಧ ಪತ್ರಿಕೆಯ ತಾಣದಲ್ಲಿ ಒಂದು ಮೂಲೆಯನ್ನು ಬಾಡಿಗೆಗೆ ಹಿಡಿಯುತ್ತದೆ. ವಿಳಾಸದ ಮೊದಲರ್ಧ ಪತ್ರಿಕೆಯದೇ. ಅದರ ಮುಂದೆ ಒಂದು ಗೆರೆ, ಆಮೇಲೆ ‘ಕೂಪನ್ಸ್’ ಎಂಬ ಪದ. ತೆರೆದರೆ ಮೇಲುಗಡೆ ಪತ್ರಿಕೆಯ ಲಾಂಛನ, ಅದೇ ಬಣ್ಣ, ಅದೇ ಅಕ್ಷರವಿನ್ಯಾಸ. ಕೆಳಗೆ ಷೂ, ಸೂಟ್‌ಕೇಸ್, ಹೋಟೆಲ್ ಕೋಣೆಗಳ ರಿಯಾಯಿತಿ ಸಂಕೇತಗಳ ಪಟ್ಟಿ. ಸಂಕೇತವನ್ನು ನೋಡಲು ಗುಂಡಿ ಒತ್ತಿದರೆ ಅಂಗಡಿಯ ಪುಟ ತೆರೆಯುತ್ತದೆ. ಓದುಗ ಏನಾದರೂ ಕೊಂಡರೆ ದಲ್ಲಾಳಿ ಹಣವು ಕೂಪನ್ ಕಂಪನಿ ಮತ್ತು ಪತ್ರಿಕೆಯ ನಡುವೆ ಹಂಚಿಕೆಯಾಗುತ್ತದೆ. ಆ ಪಟ್ಟಿಯನ್ನು ಪತ್ರಿಕೆಯ ವರದಿಗಾರರೊಬ್ಬರೂ ಮುಟ್ಟಿರಬೇಕಾಗಿಲ್ಲ.

ಅದೇ ಕಂಪನಿ ಇದೇ ಪಟ್ಟಿಯನ್ನು ತನ್ನದೇ ಹೊಸ ತಾಣದಲ್ಲಿ ಹಾಕಿದ್ದರೆ ಹತ್ತನೆಯ ಪುಟದಲ್ಲೂ ಸಿಗುತ್ತಿರಲಿಲ್ಲ. ಪತ್ರಿಕೆಯ ವಿಳಾಸದಲ್ಲಿದ್ದಾಗ ಅದಕ್ಕೆ ಆ ತಾಣದ ಒಳಗಿನ ಕೊಂಡಿಗಳ ಬಲ ಸಿಗುತ್ತದೆ. ಪುಟದ ಮಟ್ಟದ್ದಲ್ಲದೆ ಇಡೀ ತಾಣದ ಮಟ್ಟದ ಕೆಲವು ಸಂಕೇತಗಳನ್ನೂ ಬಳಸುತ್ತೇವೆಂದು ಗೂಗಲ್ಲೇ ಒಪ್ಪಿಕೊಂಡಿದೆ. ಹತ್ತಾರು ವರ್ಷಗಳ ವರದಿಗಾರಿಕೆಗೆ ಲೋಕವೆಲ್ಲ ಉಚಿತವಾಗಿ ಕೊಟ್ಟ ಕೊಂಡಿಗಳ ಫಲವನ್ನು ರಿಯಾಯಿತಿ ಪಟ್ಟಿಯೊಂದು ಉಣ್ಣುತ್ತದೆ. ಎಸ್‌ಇಒ ಮಂದಿ ಇದನ್ನು ‘ಪ್ಯಾರಸೈಟ್ ಎಸ್‌ಇಒ’ ಎನ್ನುತ್ತಾರೆ. ಬಂದಣಿಕೆ ಎಂದರೂ ನಡೆದೀತು, ಆದರೆ ಮರದ ಒಪ್ಪಿಗೆಯಿಲ್ಲದೆ ಬೆಳೆಯುವ ಬಂದಣಿಕೆಗೂ ಬಾಡಿಗೆ ಕೊಟ್ಟು ಬೆಳೆಯುವ ಇದಕ್ಕೂ ವ್ಯತ್ಯಾಸವಿದೆ. ಇಲ್ಲಿ ಮರವೇ ಕೊಂಬೆಯನ್ನು ಗುತ್ತಿಗೆ ಕೊಟ್ಟಿರುತ್ತದೆ.

ಗೂಗಲ್ ತಂದ ನಿಯಮ

2024ರ ಮಾರ್ಚ್‌ನಲ್ಲಿ ಗೂಗಲ್ ‘ತಾಣದ ಖ್ಯಾತಿಯ ದುರುಪಯೋಗ’ ಎಂಬ ಹೊಸ ತಪ್ಪನ್ನು ತನ್ನ ನಿಯಮಾವಳಿಗೆ ಸೇರಿಸಿತು. ತಿದ್ದಿಕೊಳ್ಳಲು ಎರಡು ತಿಂಗಳ ಕಾಲಾವಕಾಶ ಕೊಟ್ಟು ಮೇ ತಿಂಗಳಿಂದ ಜಾರಿಗೆ ತಂದಿತು. ಆ ಮೊದಲ ರೂಪದಲ್ಲಿ ತಾಣದ ಮಾಲೀಕರ ಮೇಲ್ವಿಚಾರಣೆ ಇಲ್ಲದ ಅಥವಾ ತೀರ ಕಡಿಮೆಯಿರುವ ಹೊರಗಿನವರ ಬರಹಗಳು ಮಾತ್ರ ಗುರಿಯಾಗಿದ್ದವು. ಇದರಿಂದ ಎಲ್ಲರ ಬಳಿಯೂ ಒಂದೇ ಉತ್ತರ ಸಿದ್ಧವಾಯಿತು: ನಮ್ಮ ಸಂಪಾದಕರು ನೋಡುತ್ತಾರೆ, ನಮ್ಮದೂ ಪಾಲುಗಾರಿಕೆಯಿದೆ. ಅದೇ ವರ್ಷದ ನವೆಂಬರ್ 19ರಂದು ಗೂಗಲ್ ಆ ಕಿಂಡಿಯನ್ನೂ ಮುಚ್ಚಿತು. ಮಾಲೀಕರ ಮೇಲ್ವಿಚಾರಣೆ ಎಷ್ಟೇ ಇರಲಿ, ತಾಣದ ಹೆಸರಿನ ಬಲದಿಂದ ಮೇಲೆ ಬರುವ ಉದ್ದೇಶಕ್ಕಾಗಿಯೇ ಹೊರಗಿನವರ ಸರಕನ್ನು ಅಲ್ಲಿ ಇಟ್ಟಿದ್ದರೆ ಅದು ತಪ್ಪು ಎಂದಿತು. ಫೋರ್ಬ್ಸ್, ಸಿಎನ್‌ಎನ್ ಮೊದಲಾದ ದೊಡ್ಡ ಹೆಸರುಗಳ ಉತ್ಪನ್ನ ಶಿಫಾರಸು ವಿಭಾಗಗಳು ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಹುಡುಕಾಟದಲ್ಲಿ ದಿಢೀರನೆ ಕುಸಿದದ್ದು ವ್ಯಾಪಕವಾಗಿ ವರದಿಯಾಯಿತು.

ಸುದ್ದಿಸಂಸ್ಥೆಗಳ ವರದಿಗಳನ್ನು ಮರುಪ್ರಕಟಿಸುವುದು, ಹೊರಗಿನವರ ಅಂಕಣ, ಬಳಕೆದಾರರೇ ಬರೆಯುವ ಚರ್ಚಾವೇದಿಕೆ, ಪತ್ರಿಕೆಯ ನಿತ್ಯದ ಓದುಗರಿಗಾಗಿಯೇ ಇರುವ ಜಾಹೀರಾತು ಲೇಖನ, ಸರಿಯಾದ ಗುರುತಿರುವ ದಲ್ಲಾಳಿ ಕೊಂಡಿ ಇವಾವೂ ತಪ್ಪಲ್ಲವೆಂದು ನಿಯಮ ಹೇಳುತ್ತದೆ. ತೊಡಕಿರುವುದು ‘ಉದ್ದೇಶ’ ಎಂಬ ಪದದಲ್ಲಿ. ಒಂದು ಪುಟ ಓದುಗನಿಗಾಗಿ ಹುಟ್ಟಿತೋ ಹುಡುಕುತಾಣಕ್ಕಾಗಿ ಹುಟ್ಟಿತೋ ಎಂಬುದು ಪುಟವನ್ನು ನೋಡಿದ ಮಾತ್ರಕ್ಕೆ ತಿಳಿಯುವುದಿಲ್ಲ. ಜಾರಿಯ ಕೆಲಸವನ್ನು ಗೂಗಲ್ ಮುಖ್ಯವಾಗಿ ತನ್ನ ನೌಕರರ ಪರಿಶೀಲನೆಯ ಮೂಲಕ ಮಾಡುತ್ತಿದೆ. ತಾಣದ ಮಾಲೀಕನಿಗೆ, ತಾಣಗಳ ಉಸ್ತುವಾರಿಗೆಂದು ಗೂಗಲ್ ಕೊಟ್ಟಿರುವ ಸರ್ಚ್ ಕನ್ಸೋಲ್‌ನಲ್ಲಿ ಒಂದು ನೋಟಿಸ್ ಬರುತ್ತದೆ, ಮರುಪರಿಶೀಲನೆ ಕೋರುವ ಅವಕಾಶವಿದೆ, ಅದನ್ನು ತೀರ್ಮಾನಿಸುವುದೂ ಗೂಗಲ್ಲೇ.

ಮೂವರ ಮೂರು ಮಾತು

ಪ್ರಕಾಶಕರ ವಾದವು ಹೊಟ್ಟೆಪಾಡಿನದು. ಅಂತರ್ಜಾಲದ ಜಾಹೀರಾತು ಆದಾಯದ ದೊಡ್ಡ ಪಾಲನ್ನು ಗೂಗಲ್ ಮತ್ತು ಮೆಟಾ ಬಾಚಿಕೊಂಡ ಮೇಲೆ ಪತ್ರಿಕೆಗಳಿಗೆ ಉಳಿದ ಕೆಲವೇ ದಾರಿಗಳಲ್ಲಿ ಇದೂ ಒಂದು. ರಿಯಾಯಿತಿ ಪಟ್ಟಿ ಪತ್ರಿಕೆಗಳಿಗೆ ಹೊಸದಲ್ಲ; ಮುದ್ರಿತ ಪತ್ರಿಕೆಯಲ್ಲಿ ಕತ್ತರಿಸಿ ಒಯ್ಯುವ ಕೂಪನ್ ದಶಕಗಳ ಕಾಲ ಇತ್ತು, ಅದರ ಹಣದಿಂದ ವರದಿಗಾರರ ಸಂಬಳವೂ ನಡೆಯುತ್ತಿತ್ತು. ಓದುಗನಿಗೆ ಸಂಕೇತ ಸರಿಯಾಗಿ ಕೆಲಸ ಮಾಡಿದರೆ ಸಾಕು, ಪಟ್ಟಿಯನ್ನು ಸಿದ್ಧಪಡಿಸಿದವರು ಯಾರೆಂಬುದು ಗೂಗಲ್ಲಿಗೇಕೆ ಎಂಬುದು ಅವರ ಪ್ರಶ್ನೆ.

ಗೂಗಲ್ ಹುಡುಕಾಟದ ಮುಖ್ಯ ವಿಜ್ಞಾನಿ ಪಾಂಡು ನಾಯಕ್ ತನಿಖೆ ಘೋಷಣೆಯಾದ ದಿನವೇ ಉತ್ತರ ಪ್ರಕಟಿಸಿದರು. ಹಣ ಕೊಟ್ಟವರು ಪ್ರತಿಷ್ಠಿತ ತಾಣದ ಹೆಸರನ್ನು ಹೊದ್ದು ಮೇಲೆ ಬರುವುದಾದರೆ ಪ್ರಾಮಾಣಿಕವಾಗಿ ತಾಣ ಕಟ್ಟಿದ ಸಣ್ಣವರಿಗೆ ಅನ್ಯಾಯವಾಗುತ್ತದೆ, ಬಳಕೆದಾರರೂ ಮೋಸ ಹೋಗುತ್ತಾರೆ, ಯುರೋಪಿನ ತನಿಖೆ ದಾರಿ ತಪ್ಪಿದೆ ಎಂಬುದು ಅದರ ಸಾರ. ಇಂಥದೇ ದೂರೊಂದನ್ನು ಜರ್ಮನಿಯ ನ್ಯಾಯಾಲಯ ಈಗಾಗಲೇ ತಳ್ಳಿಹಾಕಿದೆ ಎಂದೂ ಅದರಲ್ಲಿತ್ತು.

ಐರೋಪ್ಯ ಆಯೋಗ ಇವೆರಡರ ನಡುವೆ ತೀರ್ಪುಗಾರನಾಗಿ ಕೂತಿಲ್ಲ ಎಂಬುದನ್ನು ಗಮನಿಸಬೇಕು. ಕೂಪನ್ ಪುಟಗಳು ಒಳ್ಳೆಯವೇ ಕೆಟ್ಟವೇ ಎಂಬುದು ಅದರ ಪ್ರಶ್ನೆಯಲ್ಲ. ಡಿಜಿಟಲ್ ಮಾರುಕಟ್ಟೆ ಕಾಯ್ದೆಯ ಪ್ರಕಾರ ಗೂಗಲ್ಲಿನ ಮಾತೃಸಂಸ್ಥೆ ಆಲ್ಫಾಬೆಟ್ 2023ರ ಸೆಪ್ಟೆಂಬರ್‌ನಿಂದ ‘ದ್ವಾರಪಾಲಕ’ ಸಂಸ್ಥೆಗಳಲ್ಲೊಂದು. ಬಾಗಿಲು ಕಾಯುವವನು ತನ್ನನ್ನು ಅವಲಂಬಿಸಿದ ವ್ಯಾಪಾರಿಗಳಿಗೆ ನ್ಯಾಯಯುತ, ಸಮಂಜಸ ಮತ್ತು ತಾರತಮ್ಯವಿಲ್ಲದ ಷರತ್ತುಗಳನ್ನು ಹಾಕಬೇಕು. ಖ್ಯಾತಿಯ ನಿಯಮ ಈ ಮೂರು ಅಳತೆಗಳಿಗೆ ಹೊಂದುತ್ತದೆಯೇ ಎಂಬುದಷ್ಟೇ ತನಿಖೆಯ ವ್ಯಾಪ್ತಿ.

ನಿಯಮದ ಗುರಿ ಸರಿಯಾಗಿದೆ ಎಂಬುದನ್ನು ಅಲ್ಲಗಳೆಯುವುದು ಕಷ್ಟ. ಬಾಡಿಗೆ ಮೂಲೆ ಎಂಬುದು ಕೊಂಡಿ ಖರೀದಿಯ ಇನ್ನೊಂದು ರೂಪವೇ. ಉಚಿತವಾಗಿ ಸಿಕ್ಕ ಸಾಕ್ಷಿಯನ್ನು ಮತ್ತೊಬ್ಬನ ಪರವಾಗಿ ಮಾರುವ ಕೆಲಸ ಎರಡರಲ್ಲೂ ಒಂದೇ. ಆದರೆ ಅಳತೆಗೋಲು ಸರಿಯಿಲ್ಲ. ಈಗಿನ ನಿಯಮ ಪುಟದ ಯೋಗ್ಯತೆಗಿಂತ ಅದನ್ನು ಸಿದ್ಧಪಡಿಸಿದವರ ಸಂಬಳ ಎಲ್ಲಿಂದ ಬರುತ್ತದೆ ಎಂಬುದನ್ನು ಹೆಚ್ಚು ನೋಡುತ್ತದೆ. ಇಪ್ಪತ್ತು ಜನರ ಸ್ವಂತ ತಂಡವಿಟ್ಟುಕೊಳ್ಳಬಲ್ಲ ಪತ್ರಿಕೆ ಅದೇ ಪಟ್ಟಿಯನ್ನು ಒಳಗೇ ತಯಾರಿಸಿ ಪಾರಾಗುತ್ತದೆ; ತಂಡವಿಲ್ಲದ ಸಣ್ಣ ಪತ್ರಿಕೆ ಸಿಕ್ಕಿಬೀಳುತ್ತದೆ. ಸಣ್ಣವರನ್ನು ಕಾಯಲು ಬಂದ ನಿಯಮ ಎಂಬ ಮಾತಿನ ಜೊತೆ ಇದು ಹೊಂದುವುದಿಲ್ಲ. ಮೇಲಾಗಿ, ಫಲಿತಾಂಶಗಳಿಂದ ಹೊರಬಿದ್ದ ಕೂಪನ್ ಕಂಪನಿ ಮತ್ತೆ ಕಣ್ಣಿಗೆ ಬೀಳಲು ಎಲ್ಲಿಗೆ ಹೋಗಬೇಕು? ಅದೇ ಫಲಿತಾಂಶಗಳ ಮೇಲುಗಡೆ ಗೂಗಲ್ ಮಾರುವ ಜಾಹೀರಾತಿನ ಜಾಗಕ್ಕೆ. ನಿಯಮವನ್ನು ಇದಕ್ಕಾಗಿಯೇ ತಂದರೆಂದು ಹೇಳಲು ಆಧಾರವಿಲ್ಲ. ಲಾಭ ಮಾತ್ರ ಆ ದಿಕ್ಕಿಗೇ ಹರಿಯುತ್ತದೆ.

ಇಲ್ಲಿನ ಸ್ಥಿತಿ

ಗೂಗಲ್ಲಿನ ಖ್ಯಾತಿಯ ನಿಯಮಕ್ಕೆ ಭಾಷೆಯ ಗಡಿಯಿಲ್ಲ. ಕನ್ನಡದ ತಾಣಗಳಿಗೂ ಅದು ಅನ್ವಯಿಸುತ್ತದೆ. ಆದರೆ ಐರೋಪ್ಯ ಕಾಯ್ದೆಯ ರಕ್ಷಣೆ ಇಲ್ಲಿಗಿಲ್ಲ. ಹುಡುಕಾಟದಲ್ಲಿ ಪಕ್ಷಪಾತ ತೋರಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗ 2018ರಲ್ಲಿ ಗೂಗಲ್ಲಿಗೆ 135.86 ಕೋಟಿ ರೂಪಾಯಿ ದಂಡ ವಿಧಿಸಿತ್ತು. 2022ರ ಜನವರಿಯಲ್ಲಿ ಡಿಜಿಟಲ್ ಸುದ್ದಿ ಪ್ರಕಾಶಕರ ಸಂಘದ ದೂರಿನ ಮೇಲೆ ಇನ್ನೊಂದು ತನಿಖೆಗೆ ಆದೇಶಿಸಿತು. ಇವೆಲ್ಲ ತಪ್ಪು ನಡೆದ ಮೇಲೆ ವಿಚಾರಿಸುವ ಕ್ರಮಗಳು. ದ್ವಾರಪಾಲಕರಿಗೆ ಮೊದಲೇ ಕಟ್ಟುಪಾಡು ಹಾಕುವ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡು 2024ರ ಮಾರ್ಚ್‌ನಲ್ಲಿ ಹೊರಬಂದರೂ ಕಾಯ್ದೆಯಾಗಿಲ್ಲ.

ಇತ್ತ ಕೊಂಡಿಗಳ ಚಿಲ್ಲರೆ ವ್ಯಾಪಾರ ಹಳೆಯ ರೂಪದಲ್ಲೇ ಮುಂದುವರಿದಿದೆ. ಸ್ವಲ್ಪ ಹೆಸರಿರುವ ಯಾವುದೇ ತಾಣದ ಇಮೇಲ್ ಪೆಟ್ಟಿಗೆಗೆ ಬರುವ ಕೋರಿಕೆಗಳ ಒಕ್ಕಣೆ ಬಹುತೇಕ ಒಂದೇ: ನಿಮ್ಮ ಬರಹಗಳು ಬಹಳ ಹಿಡಿಸಿದವು, ನಾವೊಂದು ಗೆಸ್ಟ್ ಪೋಸ್ಟ್ (ಅತಿಥಿ ಲೇಖನ) ಕೊಡುತ್ತೇವೆ, ಅದರಲ್ಲಿ ಒಂದು ಡು-ಫಾಲೋ ಕೊಂಡಿ ಇರುತ್ತದೆ, ‘ಸ್ಪಾನ್ಸರ್ಡ್’ ಎಂದು ನಮೂದಿಸಬೇಡಿ, ದರ ತಿಳಿಸಿ. ದರವು ತಾಣದ ‘ಡಿಎ’, ಅಂದರೆ ಡೊಮೈನ್ ಅಥಾರಿಟಿ ಎಂಬ ನೂರರೊಳಗಿನ ಅಂಕವನ್ನು ನೋಡಿ ನಿಗದಿಯಾಗುತ್ತದೆ. ತಮಾಷೆಯೆಂದರೆ ಆ ಅಂಕ ಗೂಗಲ್ ಕೊಟ್ಟದ್ದಲ್ಲ. ಅದು ಮೋಜ್ ಎಂಬ ಖಾಸಗಿ ಕಂಪನಿಯ ಅಂದಾಜು, ಗೂಗಲ್ ಅದನ್ನು ಬಳಸುವುದೂ ಇಲ್ಲ. ಸಂತೆಯ ತಕ್ಕಡಿಯೇ ಬೇರೆ, ಸರ್ಕಾರಿ ತೂಕವೇ ಬೇರೆ ಎಂಬಂತಿದೆ.

ಹೀಗೆ ಬರುವ ಕೋರಿಕೆಗಳಲ್ಲಿ ಜೂಜು ಮತ್ತು ಬೆಟ್ಟಿಂಗ್ ತಾಣಗಳ ಕೊಂಡಿಗೆ ದರ ಹೆಚ್ಚು. ಭಾರತದ ಮಟ್ಟಿಗೆ ಇದು ಗೂಗಲ್ಲಿನ ನಿಯಮವನ್ನು ಮೀರಿದ ವಿಷಯ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣ ಕಟ್ಟಿ ಆಡುವ ಆಟಗಳನ್ನಷ್ಟೇ ಅಲ್ಲ, ಅವುಗಳ ಜಾಹೀರಾತನ್ನೂ ನಿಷೇಧಿಸುತ್ತದೆ. ಜಾಹೀರಾತಿಗೆ ಎರಡು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಹಣ ಪಡೆದು ಲೇಖನದ ನಡುವೆ ಹುದುಗಿಸಿದ ಕೊಂಡಿ ಜಾಹೀರಾತಲ್ಲ ಎಂದು ನ್ಯಾಯಾಲಯದಲ್ಲಿ ವಾದಿಸುವುದು ಸುಲಭವಲ್ಲ. ‘ಕಾಸಿಗಾಗಿ ಸುದ್ದಿ’ಯ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿ 2010ರಲ್ಲೇ ವರದಿ ಕೊಟ್ಟಿತ್ತು. ಅಂದು ಚರ್ಚೆಯಾದದ್ದು ಓದುಗನ ಕಣ್ಣಿಗೆ ಬೀಳುವ ಸುದ್ದಿ. ಕಾಸಿನ ಕೊಂಡಿಯನ್ನು ಓದುಗ ಗಮನಿಸದಿದ್ದರೂ ಕೊಂಡವನಿಗೆ ನಷ್ಟವಿಲ್ಲ, ಯಂತ್ರ ಗಮನಿಸಿದರೆ ಸಾಕು.

ಮುಂದೇನಾಗಬಹುದು

ಹನ್ನೆರಡು ತಿಂಗಳೊಳಗೆ ತನಿಖೆ ಮುಗಿಸುವ ಗುರಿಯನ್ನು ಆಯೋಗ ಹಾಕಿಕೊಂಡಿದೆ. ಉಲ್ಲಂಘನೆ ಸಾಬೀತಾದರೆ ಆಲ್ಫಾಬೆಟ್‌ನ ಜಾಗತಿಕ ವಹಿವಾಟಿನ ಶೇಕಡಾ 10ರವರೆಗೆ, ಪದೇ ಪದೇ ತಪ್ಪಿದರೆ ಶೇಕಡಾ 20ರವರೆಗೆ ದಂಡ ಹಾಕಲು ಕಾನೂನಿನಲ್ಲಿ ಅವಕಾಶವಿದೆ. ನಿಯಮವನ್ನೇ ರದ್ದುಮಾಡಿಸುವುದಕ್ಕಿಂತ ಅದರ ಅಳತೆಗೋಲನ್ನು ಬಿಡಿಸಿ ಹೇಳಿಸುವುದು, ದಂಡಕ್ಕೆ ಮುಂಚೆ ನೋಟಿಸ್ ಮತ್ತು ಸ್ವತಂತ್ರ ಮೇಲ್ಮನವಿಗೆ ದಾರಿ ಮಾಡಿಸುವುದು ಹೆಚ್ಚು ಸಾಧ್ಯವೆನಿಸುತ್ತದೆ. ಯುರೋಪಿಗೆ ಮಾತ್ರ ನಿಯಮ ಸಡಿಲವಾದರೆ ಬಾಡಿಗೆ ಮೂಲೆಗಳು ಅಲ್ಲಿನ ಫಲಿತಾಂಶಗಳಲ್ಲಿ ಮತ್ತೆ ಚಿಗುರುತ್ತವೆ. ಉಳಿದ ದೇಶಗಳ ಪ್ರಕಾಶಕರಿಗೆ ಹಳೆಯ ದಂಡವೇ ಉಳಿಯುತ್ತದೆ. ಹುಡುಕಾಟದ ಮೇಲುಗಡೆ ಎಐ ಬರೆದ ಉತ್ತರಗಳು ಬರುತ್ತಿರುವುದರಿಂದ ಈ ವ್ಯಾಪಾರ ತಾನಾಗಿ ಸಾಯುತ್ತದೆ ಎನ್ನುವವರಿದ್ದಾರೆ. ಆ ಉತ್ತರಗಳೂ ಹುಡುಕಾಟದ ಸೂಚಿಯಲ್ಲಿರುವ ಪುಟಗಳನ್ನೇ ಆಧರಿಸುತ್ತವಾದ್ದರಿಂದ ಹೆಸರಿನ ಬಾಡಿಗೆ ಇಳಿಯಲು ಸದ್ಯಕ್ಕೆ ಕಾರಣ ಕಾಣುವುದಿಲ್ಲ.

ಅಲ್ಲಿಯವರೆಗೆ, ನೋಟಿಸ್ ಬಂದ ಪತ್ರಿಕೆಯ ಮುಂದೆ ಎರಡು ದಾರಿಗಳಿವೆ. ಬಾಡಿಗೆ ಪುಟಗಳನ್ನು ಬೇರೆಯದೇ ಹೊಸ ವಿಳಾಸಕ್ಕೆ ಸಾಗಿಸಬಹುದು. ಹಾಗೆ ಸಾಗಿಸುವಾಗ ಹಳೆಯ ತಾಣದಿಂದ ಹೊಸದಕ್ಕೆ ಕೊಡುವ ಕೊಂಡಿಗೆ ನೋಫಾಲೋ ಹಚ್ಚಬೇಕೆಂದು, ಇಲ್ಲದಿದ್ದರೆ ಹೆಸರಿನ ಬಲ ಮತ್ತೆ ಅತ್ತ ಹರಿಯುತ್ತದೆಂದು ಗೂಗಲ್ ಸೂಚಿಸಿದೆ. ಅಥವಾ ಆ ಪುಟಗಳನ್ನು ಇದ್ದಲ್ಲೇ ಬಿಟ್ಟು, ಹುಡುಕಾಟದ ಸೂಚಿಗೆ ಸೇರಿಸಬೇಡಿ ಎಂಬ ‘ನೋಇಂಡೆಕ್ಸ್’ ಗುರುತನ್ನು ಹಾಕಬಹುದು. ಆಗ ಪತ್ರಿಕೆಯನ್ನು ಓದಲು ಬಂದವರಿಗೆ ಕೂಪನ್ ಪಟ್ಟಿ ಎಂದಿನಂತೆ ಸಿಗುತ್ತದೆ, ಗೂಗಲ್ ತಕರಾರು ತೆಗೆಯುವುದಿಲ್ಲ. ಈ ಎರಡನೆಯ ದಾರಿಯಲ್ಲಿ ಒಂದು ಸಾಲಿನ ಬದಲಾವಣೆ ಬಿಟ್ಟರೆ ಖರ್ಚೇನೂ ಇಲ್ಲ. ಆದರೆ ಆ ಗುರುತು ಬಿದ್ದ ಮೇಲೂ ಆ ಮೂಲೆಗೆ ಅದೇ ಬಾಡಿಗೆ ಕೊಡಲು ಕೂಪನ್ ಕಂಪನಿ ಒಪ್ಪುತ್ತದೆಯೇ ಎಂಬುದು ಗುತ್ತಿಗೆ ನವೀಕರಣದ ದಿನ ಗೊತ್ತಾಗುತ್ತದೆ.